ಬಾಡಿಗಿಗೆ ‘ಖರೀದಿ’ ಅನಬ್ಯಾಡ್ರಿ

1/10

ಮೊದಲ ಫೋಟೋ ನೋಡ್ರಿ. ಇದು ಹೂಲಿಯೊಳಗಿನ ನಮ್ಮ ಹೊಲ. ಜೋಳ ಹಾಲುಗಾಳಿಗೆ ಬಂದೈತಿ, ಗುಬ್ಬಿ, ಗಿಳಿ ಕಾಟ ಶುರುವಾಗೈತಿ. ಅದಕ್ಕ ಗೂಟಕ್ಕ ದಾರ ಕಟ್ಟಿ ಹಳೇ ಡಿಸ್ಕ್ ತೂಗಬಿಟ್ಟೀವಿ. ಗಾಳಿ ಬಂದ್ರ ಬಿಸಿಲಿಗೆ ಮಿಂಚತಾವ, ಹಕ್ಕಿ ಹೆದರತಾವ. (ಎರಡು ದಿನ ಅಷ್ಟ. ಮೂರನೇ ದಿನ ಅದೇ ದಾರದ ಮ್ಯಾಲೆ ಕುಂತು ನಮ್ಮನ್ನ ನೋಡ್ತಾವ.)

ಹೋದ ವಾರ ಇದನ್ನ ಸ್ಟೋರಿಗೆ ಹಾಕಿದ್ದೆ. ನಮ್ಮ ಕ್ಲಾಸಿನ ಗೆಳೆಯನೊಬ್ಬ ರಿಪ್ಲೈ ಮಾಡಿದ: "ಕಡೀಕೂ ಡಿಸ್ಕಿಗೆ ಒಂದು ಕೆಲಸ ಸಿಕ್ತಲ್ಲ. ಹಳೇದಿತ್ತು, ಅದಕ್ಕಿಂತ ಚಲೋದು ಬಂತು, ಸತ್ತು ಹೋತು." ನಾನೂ ನಕ್ಕೆ. ರಾತ್ರಿ ಮಲಗಿದಾಗ ನಗು ಬರಲಿಲ್ಲ, ಸಿಟ್ಟು ಬಂತು.

ಇದು ಅವನೊಬ್ಬನ ಮಾತಲ್ಲ, ಇದನ್ನ ಓದೋ ನಿಮ್ಮಲ್ಲಿ ಮುಕ್ಕಾಲು ಮಂದಿ ಮಾತು. ಹಂಗಾಗಿ ಹತ್ತು ಪೋಸ್ಟ್ ಬರೀತೀನಿ. ಬೇಜಾರಾದ್ರ ಸ್ವೈಪ್ ಮಾಡ್ರಿ, ಆದ್ರ ಪೂರಾ ಓದದೇ ಜಗಳಕ್ಕ ಬರಬ್ಯಾಡ್ರಿ.

ಹಳೇದು ಅನ್ನೋದು ಅರ್ಧ ನಿಜ. ಚಲೋದು ಬಂತು ಅನ್ನೋದು ಸುಳ್ಳು. ಇನ್ನ ‘ಸತ್ತು ಹೋತು’ ಅಂತೀರಲ್ಲ, ಒಳ್ಳೇ ಡಿಸ್ಕ್ ನಮ್ಮ ಕಡೆ ಬರಲೇ ಇಲ್ಲ. ಬರದೇ ಇದ್ದದ್ದು ಸಾಯೋದು ಹೆಂಗ? ನಮಗ ಆಗಿದ್ದು ಬೇರೆ. ಕೊಂಡು ಇಟ್ಟುಕೊಳ್ಳೋ ಪದ್ಧತಿ ಹೋತು, ತಿಂಗಳಾ ಬಾಡಿಗಿ ಕಟ್ಟೋ ಪದ್ಧತಿ ಬಂತು. ಇದನ್ನ ಪ್ರಗತಿ ಅಂತ ನಂಬಿಸಿದರು, ನಾವೂ ನಂಬಿದಿವಿ.

2/10

ಫೋಟೋದಾಗಿನ ಡಿಸ್ಕ್ ಎಲ್ಲಿಂದ ಬಂದ್ವು? ನಮ್ಮ ಕಾಕಾ ಸವದತ್ತಿಯೊಳಗ ಸಿಡಿ ಅಂಗಡಿ ಇಟ್ಟಿದ್ದ. ದಿನಕ್ಕ 10 ರೂಪಾಯಿ ಬಾಡಿಗಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತಂದ್ರ ಯಲ್ಲಮ್ಮನ ಗುಡ್ಡದ ದಾರಿಯಾಗ ಒಂದು ಟೇಬಲ್ ಹಾಕಿ ಭಕ್ತಿಗೀತೆ, ಚೌಡಿಕಿ ಪದ, ನಾಟಕದ ಡಿಸ್ಕ್ ಮಾರತಿದ್ದ. ನಾ ಸಣ್ಣಾಂವ, ಟೇಬಲ್ ಕೆಳಗ ಕುಂತು ಖಾಲಿ ಕವರ್ ಎಣಸ್ತಿದ್ದೆ. ಅವನ ಅಂಗಡ್ಯಾಗ ಎಲ್ಲಾ ಅಸಲಿ ಇದ್ದಿಲ್ಲ, ಸುಳ್ಳು ಯಾಕ ಹೇಳಲಿ.

ಅವು ಹೆಚ್ಚು ಕಡಿಮೆ ಎಲ್ಲಾ ವಿಸಿಡಿ, ಅಂದ್ರೆ ವಿಡಿಯೋ ಸಿಡಿ. 1993ರಲ್ಲಿ ಬಂದ ಮಾದರಿ. ಒಂದು ಡಿಸ್ಕಿನಲ್ಲಿ 74 ನಿಮಿಷ ಹಿಡಿಸುತ್ತಿತ್ತು. ಹಂಗಾಗಿ ಒಂದು ಸಿನಿಮಾಕ್ಕೆ ಎರಡೋ ಮೂರೋ ಡಿಸ್ಕ್. ಹೀರೋ ಕೈ ಎತ್ತಿರತಿದ್ದ, ಅಲ್ಲಿಗೆ ಡಿಸ್ಕ್ 1 ಮುಗೀತಿತ್ತು. ಯಾರರೆ ಎದ್ದು ಹೋಗಿ ಡಿಸ್ಕ್ 2 ಹಾಕೋ ತನಕ ವಿಲನ್‌ಗೆ ಪೆಟ್ಟು ಬೀಳತಿದ್ದಿಲ್ಲ.

ವಿಸಿಡಿಯ ಚಿತ್ರದ ಅಳತೆ 352 ಗುಣಿಸು 288. ಅಂದ್ರೆ ಪರದೆ ಮೇಲೆ ಸುಮಾರು 1 ಲಕ್ಷ ಚುಕ್ಕೆ. ಡಿವಿಡಿಯಲ್ಲಿ 720 ಗುಣಿಸು 576, ಸುಮಾರು 4 ಲಕ್ಷ. ಬ್ಲೂ-ರೇಯಲ್ಲಿ 1920 ಗುಣಿಸು 1080, 20 ಲಕ್ಷ ದಾಟುತ್ತದೆ. ಕ್ಯಾಲ್ಕುಲೇಟರ್ ತಗೊಂಡು ನೋಡ್ರಿ ಬೇಕಾದ್ರ.

ಈಗ ಯೋಚನೆ ಮಾಡಿ. ನಮ್ಮ ಅಪ್ಪ–ಅವ್ವನ ತಲೆಮಾರು ರಾಜ್‌ಕುಮಾರ್, ವಿಷ್ಣುವರ್ಧನ್, ಶಂಕರ್‌ನಾಗ್ ಅವರನ್ನು ಮನೆಯೊಳಗೆ ನೋಡಿದ್ದು 1 ಲಕ್ಷ ಚುಕ್ಕೆಯಲ್ಲಿ. ಆ ಸಿನಿಮಾಗಳನ್ನು ತೆಗೆದದ್ದು 35 ಎಂಎಂ ಫಿಲ್ಮಿನಲ್ಲಿ. ಅದರಲ್ಲಿದ್ದ ವಿವರದ ಸಣ್ಣ ತುಣುಕು ಮಾತ್ರ ನಮ್ಮ ಮನೆಗೆ ಬಂತು. "ಹಳೇ ಸಿನಿಮಾ ಅಂದ್ರ ಮಬ್ಬು" ಅಂತೀವಲ್ಲ, ಸಿನಿಮಾ ಮಬ್ಬಿದ್ದಿಲ್ಲ. ನಮಗ ಕೊಟ್ಟ ಪ್ರತಿ ಮಬ್ಬಿತ್ತು.

3/10

ಇದು ಸ್ವಲ್ಪ ಟೆಕ್ನಿಕಲ್. ಸೈನ್ಸ್ ಓದೋರು ನಗಬ್ಯಾಡ್ರಿ, ನಾ ಬಿಕಾಂ.

ಸಿಡಿ, ಡಿವಿಡಿ, ಬ್ಲೂ-ರೇ ಮೂರೂ ನೋಡಾಕ ಒಂದೇ ಅಳತೆ, 12 ಸೆಂಟಿಮೀಟರ್ ಅಗಲ. ವ್ಯತ್ಯಾಸ ಓದೋ ಬೆಳಕಿನಲ್ಲಿ. ಸಿಡಿಯನ್ನು ಓದೋ ಲೇಸರ್ 780 ನ್ಯಾನೋಮೀಟರ್, ಡಿವಿಡಿಯದು 650, ಅದು ಕೆಂಪು. ಬ್ಲೂ-ರೇಯದು 405, ನೀಲಿ–ನೇರಳೆ. ಬೆಳಕಿನ ಅಲೆ ಸಣ್ಣದಾದಷ್ಟು ಅದನ್ನು ಸಣ್ಣ ಚುಕ್ಕೆಗೆ ಕೂಡಿಸಬಹುದು. ನಮ್ಮವ್ವ ಬೆರಳಿನಿಂದ ರಂಗೋಲಿ ಬಿಟ್ಟರೆ ಅಂಗಳದಾಗ ನಾಕು ಎಳಿ ಹಿಡೀತಾವ. ಸೂಜಿಯಷ್ಟು ಸಣ್ಣ ಎಳಿ ಬಿಟ್ಟರೆ ಅದೇ ಅಂಗಳದಾಗ ನಲವತ್ತು. ಹಂಗ ಇದು. ಡಿಸ್ಕಿನ ಗೆರೆಗಳ ನಡುವಿನ ಅಂತರ ಸಿಡಿಯಲ್ಲಿ 1.6 ಮೈಕ್ರೋಮೀಟರ್, ಡಿವಿಡಿಯಲ್ಲಿ 0.74, ಬ್ಲೂ-ರೇಯಲ್ಲಿ 0.32. ಹಂಗಾಗಿ 700 ಎಂಬಿ ಇದ್ದದ್ದು 4.7 ಜಿಬಿ ಆಯಿತು, ಆಮೇಲೆ ಒಂದೇ ಪದರದಲ್ಲಿ 25 ಜಿಬಿ. ಎರಡು ಪದರ ಇದ್ದರೆ 50.

"ಈಗ ಫೋನಿನಾಗ ಎಚ್‌ಡಿ ಬರ್ತೈತಲ್ಲ" ಅಂತೀರಿ. ಎಚ್‌ಡಿ ಅನ್ನೋದು ಚುಕ್ಕೆಗಳ ಎಣಿಕೆ ಅಷ್ಟ. ಆ ಚುಕ್ಕೆಗಳನ್ನು ತುಂಬಲಿಕ್ಕೆ ಸೆಕೆಂಡಿಗೆ ಎಷ್ಟು ಮಾಹಿತಿ ಬರುತ್ತೆ ಅನ್ನೋದು ಬೇರೆ ಲೆಕ್ಕ. ಬ್ಲೂ-ರೇಯಲ್ಲಿ ಚಿತ್ರಕ್ಕೇ ಸೆಕೆಂಡಿಗೆ 40 ಮೆಗಾಬಿಟ್ ತನಕ ಹೋಗಬಹುದು. ನೆಟ್‌ಫ್ಲಿಕ್ಸ್ ತನ್ನ ಫುಲ್ ಎಚ್‌ಡಿ ನೋಡಲಿಕ್ಕೆ 5 ಮೆಗಾಬಿಟ್ ವೇಗದ ನೆಟ್ ಸಾಕು ಅನ್ನುತ್ತೆ. ಹೊಸ ಕಂಪ್ರೆಷನ್ ಚಲೋ ಐತಿ, ಒಪ್ಪತೀನಿ. ಆದ್ರ 40ಕ್ಕೂ 5ಕ್ಕೂ ನಡುವಿನದು ಎಲ್ಲೋ ಕಳೀಲೇಬೇಕಲ್ಲ? ಕೆಜಿಎಫ್‌ನ ಗಣಿಯೊಳಗಿನ ಕತ್ತಲನ್ನ ಫೋನಿನಾಗ ನೋಡ್ರಿ. ಕಪ್ಪು ಬಣ್ಣ ಚೌಕ ಚೌಕ ಒಡೀತೈತಿ. ಕಳೆದದ್ದು ಅಲ್ಲೈತಿ.

4/10

ಈಗ ನಮ್ಮ ಸಬ್ಜೆಕ್ಟ್. ಎರಡು ಕಂಪನಿ ಗುಂಪು, ಒಂದೇ ನೀಲಿ ಬೆಳಕು, ಎರಡು ನಮೂನಿ ಡಿಸ್ಕ್. ಮಾರ್ಕೆಟಿಂಗ್ ಪೇಪರಿಗೆ ಇದಕ್ಕಿಂತ ಚಲೋ ಕೇಸ್ ಸ್ಟಡಿ ಸಿಗೂದಿಲ್ಲ.

ಒಂದು ಕಡೆ ತೋಷಿಬಾ, ಅದರ ಡಿಸ್ಕ್ ಎಚ್‌ಡಿ ಡಿವಿಡಿ. ಇನ್ನೊಂದು ಕಡೆ ಸೋನಿ ಮತ್ತು ಜೊತೆಗಾರರು, ಅವರದು ಬ್ಲೂ-ರೇ. ಎರಡೂ 2006ರಲ್ಲಿ ಮಾರುಕಟ್ಟೆಗೆ ಬಂದವು. ಎಚ್‌ಡಿ ಡಿವಿಡಿಯಲ್ಲಿ ಪದರಕ್ಕೆ 15 ಜಿಬಿ ಮಾತ್ರ, ಆದರೆ ಅದರ ರಚನೆ ಡಿವಿಡಿಗೆ ಹತ್ತಿರ. ಇದ್ದ ಕಾರ್ಖಾನೆಯಲ್ಲೇ ಸ್ವಲ್ಪ ಬದಲಾಯಿಸಿ ತಯಾರಿಸಬಹುದು. ಬ್ಲೂ-ರೇಯಲ್ಲಿ ಮಾಹಿತಿ ಇರೋದು ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗೆ. ಅದಕ್ಕೆ ಹೊಸ ಯಂತ್ರ ಬೇಕು, ಗಟ್ಟಿ ಲೇಪ ಬೇಕು, ಖರ್ಚು ಜಾಸ್ತಿ.

ನಮ್ಮ ಕಾಸ್ಟ್ ಅಕೌಂಟಿಂಗ್ ಪ್ರಕಾರ ಅಗ್ಗದ್ದು ಗೆಲ್ಲಬೇಕು. ಗೆಲ್ಲಲಿಲ್ಲ.

ಸೋನಿ ಒಮ್ಮೆ ಸುಟ್ಟುಕೊಂಡಿತ್ತು. 1975ರ ಅದರ ಬೀಟಾಮ್ಯಾಕ್ಸ್ ಕ್ಯಾಸೆಟ್ಟು ವಿಎಚ್‌ಎಸ್ ಎದುರು ಸೋತಿತ್ತು. ಈ ಸಲ ತಯಾರಿ ಬೇರೆ. ಕೊಲಂಬಿಯಾ ಸ್ಟುಡಿಯೋವನ್ನು 1989ರಲ್ಲೇ ಕೊಂಡಿತ್ತು, ಅಂದ್ರೆ ಸಿನಿಮಾ ಕೈಯಲ್ಲಿತ್ತು. 2006ರ ನವೆಂಬರ್‌ನಲ್ಲಿ ಪ್ಲೇಸ್ಟೇಷನ್ 3 ಬಿಟ್ಟಾಗ ಪ್ರತಿಯೊಂದರ ಹೊಟ್ಟೆಯೊಳಗೂ ಬ್ಲೂ-ರೇ ಪ್ಲೇಯರ್ ಇಟ್ಟಿತು. ಗೇಮ್ ಆಡಾಕ ತಂದ ಹುಡುಗನ ಮನಿಯೊಳಗ ಕೇಳದೇನ ಬ್ಲೂ-ರೇ ಹೊಕ್ಕಿತು. ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ 360ಕ್ಕೆ ಎಚ್‌ಡಿ ಡಿವಿಡಿ ಡ್ರೈವನ್ನ ಬೇರೆಯಾಗಿ ಮಾರಿತು. ಬೇರೆಯಾಗಿ ಯಾರು ಕೊಳ್ಳತಾರ?

2007ರ ಆಗಸ್ಟ್‌ನಲ್ಲಿ ಪ್ಯಾರಾಮೌಂಟ್ ಮತ್ತು ಡ್ರೀಮ್‌ವರ್ಕ್ಸ್ ಆ್ಯನಿಮೇಷನ್ ಎಚ್‌ಡಿ ಡಿವಿಡಿ ಕಡೆ ಹೋದವು. ಅದಕ್ಕೆ 15 ಕೋಟಿ ಡಾಲರ್ ಕೈ ಬದಲಾಯಿತು ಅಂತ ಪತ್ರಿಕೆಗಳು ಬರೆದವು. ಅದೇ ವರ್ಷದ ಕೊನೆಗೆ ತೋಷಿಬಾದ ಪ್ಲೇಯರ್ ಅಮೆರಿಕದಲ್ಲಿ 100 ಡಾಲರಿಗಿಂತ ಕೆಳಗೆ ಬಂತು. ಆದರೂ 2008ರ ಜನವರಿ 4ರಂದು ವಾರ್ನರ್ "ಇನ್ನು ಬ್ಲೂ-ರೇ ಮಾತ್ರ" ಅಂದಿತು. ಫೆಬ್ರವರಿ 19ಕ್ಕೆ ತೋಷಿಬಾ ಕೈ ಚೆಲ್ಲಿತು. ಎರಡು ವರ್ಷವೂ ತುಂಬಿರಲಿಲ್ಲ.

ನೆನಪಿಡ್ರಿ, ಇದರಾಗ ನೋಡುಗನ್ನ ಯಾರೂ ಕೇಳಲಿಲ್ಲ. ಸ್ಟುಡಿಯೋದವರು ಎಲ್ಲಿ ನಿಲ್ಲತಾರೋ ಅದು ಗೆದ್ದಿತು.

5/10

ಗೆದ್ದಾಂವ ಏನು ಗೆದ್ದ?

ಈ ಇಬ್ಬರೂ ಒಬ್ಬರ ಅಂಗಿ ಒಬ್ಬರು ಹಿಡಕೊಂಡು ನಿಂತಾಗ, 2007ರ ಜನವರಿಯಲ್ಲಿ, ಅಂಚೆ ಮೂಲಕ ಡಿವಿಡಿ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್ ಸುಮ್ನ ತನ್ನ ಸ್ಟ್ರೀಮಿಂಗ್ ಶುರು ಮಾಡಿತ್ತು. ಹೊಲದ ಬದುವಿಗೆ ಅಣ್ಣ ತಮ್ಮ ಕೋರ್ಟ್ ಹತ್ತಿದಾಗ ಮೂರನೇದಾಂವ ಬಂದು ಬಿತ್ತಿ ಹೋದಂಗ.

ಮುಂದಿನದು ಬೇಗ ಹೇಳಿ ಮುಗಿಸ್ತೀನಿ. 2016ಕ್ಕೆ 4ಕೆ ಬ್ಲೂ-ರೇ ಬಂತು. 2018ರಲ್ಲಿ ಒಪ್ಪೋದ ಹೆಸರಾಂತ ಪ್ಲೇಯರ್‌ಗಳು ನಿಂತವು, 2019ರಲ್ಲಿ ಸ್ಯಾಮ್‌ಸಂಗ್ ಅಮೆರಿಕಕ್ಕೆ ಹೊಸ ಪ್ಲೇಯರ್ ತರೋದು ಬಿಟ್ಟಿತು. 2023ರ ಸೆಪ್ಟೆಂಬರ್ 29ರಂದು ನೆಟ್‌ಫ್ಲಿಕ್ಸ್ ತನ್ನ ಕೊನೆಯ ಡಿವಿಡಿ ಅಂಚೆಗೆ ಹಾಕಿತು. 2025ರ ಫೆಬ್ರವರಿಯಲ್ಲಿ ಸೋನಿಯೇ ಬರೆಯಬಹುದಾದ ಖಾಲಿ ಬ್ಲೂ-ರೇ ತಯಾರಿಕೆ ನಿಲ್ಲಿಸಿತು. ಸಿನಿಮಾ ಮುದ್ರಿಸಿದ ಡಿಸ್ಕ್ ಇನ್ನೂ ಬರ್ತಾವ, ಅದರ ಹುಚ್ಚಿರೋರು ಕೊಳ್ಳತಾರ. ಹಂಗಾಗಿ ಅಲ್ಲಿಯೂ ಪೂರಾ ಸತ್ತಿಲ್ಲ.

6/10

ನಮ್ಮ ಕಡೆ ಏನಾತು? ಇದು ನನಗ ಭಾಳ ಹೊಟ್ಟಿ ಉರಿಸೋ ಭಾಗ.

ಮೋಸರ್ ಬೇರ್ ಅಂತ ಒಂದು ಕಂಪನಿ ಇತ್ತು. 1983ರಲ್ಲಿ ಶುರುವಾದ ದೆಹಲಿ ಕಡೆಯ ಕಂಪನಿ. ಖಾಲಿ ಸಿಡಿ, ಡಿವಿಡಿ ತಯಾರಿಸೋದರಲ್ಲಿ ಜಗತ್ತಿನ ದೊಡ್ಡವರ ಸಾಲಿನಲ್ಲಿತ್ತು. ಬ್ಲೂ-ರೇ ಯುದ್ಧ ನಡೆದ ಅದೇ ಹೊತ್ತಿಗೆ ಅದು ಸಿನಿಮಾ ಡಿಸ್ಕಿಗೆ ಕೈ ಹಾಕಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಅಂದಿತು. ಅಸಲಿ ಡಿಸ್ಕ್! ತಮಿಳು, ಹಿಂದಿ, ತೆಲುಗು, ನಮ್ಮ ಕನ್ನಡದಾಗೂ. ಕಾಕಾ ಹೇಳ್ತಾನ, "ಆ ವರ್ಷ ನಕಲಿ ಮಾರಾಂವಂಗ ನಾಚಿಕಿ ಬರಾಕ ಹತ್ತಿತ್ತು, ಅಸಲಿನೇ ಅಗ್ಗ ಇತ್ತು."

ಅಂದ್ರ ಜನ ರೊಕ್ಕ ಕೊಡೂದಿಲ್ಲ, ಕದ್ದೇ ನೋಡ್ತಾರ ಅನ್ನೋದು ಪೂರಾ ಖರೆ ಅಲ್ಲ. ಕೈಗೆ ಎಟಕೋ ಬೆಲೆಗೆ ಕೊಟ್ಟಾಗ ಜನ ಕೊಂಡರು. ಮನೆ ಮನೆಯ ಟಿವಿ ಸ್ಟ್ಯಾಂಡಿನಾಗ ಸಾಲಾಗಿ ಜೋಡಿಸಿಟ್ಟರು. ನಮ್ಮ ಮನಿಯಾಗೂ ಇದ್ವು.

ಆದರೆ ಅಗ್ಗ ಮಾಡೋಕೆ ಒಂದೇ ಡಿಸ್ಕಿನಲ್ಲಿ ಎರಡು, ಮೂರು ಸಿನಿಮಾ ತುರುಕಿದ ಡಿವಿಡಿಗಳೂ ಪೇಟೆಗೆ ಬಂದವು. ಚಿತ್ರ ಮತ್ತೆ ಮಬ್ಬಾಯಿತು. ಮೋಸರ್ ಬೇರ್ ಸೌರ ಫಲಕದ ಧಂದೆಗೆ ಇಳೀತು, ಸಾಲ ಬೆಟ್ಟ ಆಯಿತು, 2018ರಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿ ಅದನ್ನು ಲಿಕ್ವಿಡೇಷನ್‌ಗೆ ಹಾಕಿತು. ನಮ್ಮ ಇನ್‌ಸಾಲ್ವೆನ್ಸಿ ಪಾಠಕ್ಕೆ ಒಳ್ಳೇ ಉದಾಹರಣೆ, ಪರೀಕ್ಷೆಯಾಗ ಬರೀರಿ.

ಬ್ಲೂ-ರೇ? ಬೆಂಗಳೂರು, ಮುಂಬೈ ಮಾಲಿನಾಗ ಇಂಗ್ಲಿಷ್, ಹಿಂದಿ ಸಿನಿಮಾ ನೂರಾರು ರೂಪಾಯಿಗೆ ಸಿಗ್ತಿದ್ವು. ಸವದತ್ತಿ, ಬೈಲಹೊಂಗಲ, ಧಾರವಾಡ, ನಾ ತಿರುಗಿದ ಯಾವ ಅಂಗಡ್ಯಾಗೂ ಕನ್ನಡ ಸಿನಿಮಾದ ಒಂದು ಬ್ಲೂ-ರೇ ನೋಡಿಲ್ಲ. ಕಾಕಾ ತನ್ನ ಇಡೀ ಧಂದೆಯಾಗ ಒಂದೂ ಮಾರಿಲ್ಲ. ನಾವು 1 ಲಕ್ಷ ಚುಕ್ಕೆಯಿಂದ ಸೀದಾ ಫೋನಿಗೆ ಜಿಗಿದಿವಿ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಕೆಲವೇ ತಿಂಗಳೊಳಗ ಅಂಗಡಿಗೆ ಬೀಗ ಬಿತ್ತು. ನಡುವಿನ 20 ಲಕ್ಷ ಚುಕ್ಕೆಯ ಮೆಟ್ಟಲು ನಮಗ ಇಡಲೇ ಇಲ್ಲ.

7/10

ಕಾನೂನು ಪಾಠ. ಸೇಲ್ ಆಫ್ ಗೂಡ್ಸ್ ಆ್ಯಕ್ಟ್, 1930, ಸೆಕ್ಷನ್ 4. ಬೆಲೆ ಪಡೆದು ವಸ್ತುವಿನ ಒಡೆತನವನ್ನು ಕೊಳ್ಳುವವನಿಗೆ ವರ್ಗಾಯಿಸೋದು ಮಾರಾಟ. ಮೂರನೇ ಸೆಮಿಸ್ಟರ್‌ನಾಗ ಬಾಯಿಪಾಠ ಮಾಡಿದ್ದಿರಿ, ಮರತ್ರೇನು? ಡಿಸ್ಕ್ ಕೊಂಡರೆ ಸಿನಿಮಾದ ಕಾಪಿರೈಟ್ ನಿಮ್ಮದಾಗೋದಿಲ್ಲ, ಆದರೆ ಆ ಡಿಸ್ಕ್ ನಿಮ್ಮದು. ಗೆಳೆಯನಿಗೆ ಕೊಡಬಹುದು, ಮಗಳಿಗೆ ಬಿಟ್ಟು ಹೋಗಬಹುದು. (ಬಾಡಿಗಿಗೆ ಕೊಡಾಕ ಹಕ್ಕುದಾರರ ಬೇರೆ ಅನುಮತಿ ಬೇಕಿತ್ತು. ಕಾಕಾ, ನೀ ಇದನ್ನ ಓದಬ್ಯಾಡ.)

ಈಗ ನಿಮ್ಮ ಆ್ಯಪ್ ತೆಗೀರಿ. ಕೆಲವದರಾಗ ಸಿನಿಮಾ ಕೆಳಗ ‘ಖರೀದಿಸಿ’ ಅಂತ ಗುಂಡಿ ಇರ್ತೈತಿ. ಒತ್ತಿ, ರೊಕ್ಕ ಕಟ್ಟಿ, ಆಮೇಲೆ ಷರತ್ತು ಓದ್ರಿ. ನಿಮಗ ಸಿಕ್ಕಿದ್ದು ನೋಡೋ ಪರವಾನಗಿ. ಅವರ ಹಕ್ಕು ಮುಗಿದ್ರ ನಿಮ್ಮದೂ ಮುಗೀತು. ಇದನ್ನು ಖರೀದಿ ಅಂತ ಕರೆಯೋದೇ ಮೋಸ ಅಂತ ಕ್ಯಾಲಿಫೋರ್ನಿಯಾದವರು 2024ರಲ್ಲಿ ಕಾನೂನು ಮಾಡಿದರು. ಬರೀ ಪರವಾನಗಿ ಕೊಡೋದಾದ್ರೆ ಹಂಗಂತ ಸ್ಪಷ್ಟ ಹೇಳಬೇಕು.

ದೂರದ ಮಾತು ಅನಸ್ತದೇನು? ಕಾಂತಾರ. 2022ರ ಸೆಪ್ಟೆಂಬರ್ 30ಕ್ಕೆ ಥಿಯೇಟರಿನಲ್ಲಿ ಬಂತು. ನಾವು ಮೂರು ಸಲ ನೋಡಿದಿವಿ, ಕ್ಲೈಮ್ಯಾಕ್ಸಿನ ‘ವರಾಹ ರೂಪಂ’ಗೆ ಮೈ ಜುಮ್ ಅಂತು. ನವೆಂಬರ್ 24ಕ್ಕೆ ಪ್ರೈಮ್ ವಿಡಿಯೋದಲ್ಲಿ ಬಂದಾಗ ಆ ರಾಗ ಇರಲಿಲ್ಲ, ಬೇರೆ ರಾಗ ಇತ್ತು. ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡದ ಮೊಕದ್ದಮೆ, ಕೋಳಿಕ್ಕೋಡ್ ಕೋರ್ಟಿನ ಆದೇಶ. ಆಮೇಲೆ ಹಳೇ ರಾಗ ವಾಪಸ್ ಬಂತು. ಆ ಕೇಸಿನಾಗ ಯಾರು ಸರಿ ಅಂತ ನಾ ಹೇಳಾಕ ಹೊಂಟಿಲ್ಲ. ನಾ ಹೇಳೋದು ಇಷ್ಟ: ಎಲ್ಲೋ ಕುಂತು ಒಂದು ಫೈಲ್ ಬದಲಿ ಮಾಡಿದರು, ಅದೇ ಕ್ಷಣ ಹೂಲಿಯಿಂದ ಹೂಸ್ಟನ್ ತನಕ ಎಲ್ಲರ ಮನಿಯಾಗ ಸಿನಿಮಾ ಬೇರೆ ಆತು, ಮತ್ತೊಮ್ಮೆ ಬದಲಾತು. ಮಾರಿದ ಡಿಸ್ಕಿಗೆ ಹಂಗ ಮಾಡಾಕ ಮನಿ ಮನಿ ಬಾಗಲಾ ಬಡೀಬೇಕು.

ನಮ್ಮೂರಿನ ಪಂಚಲಿಂಗೇಶ್ವರ ಗುಡಿ ಕಡೆ ಹೋದಾಗ ಶಾಸನದ ಕಲ್ಲು ನೋಡೀರಲ್ಲ? ಚಾಲುಕ್ಯರ ಕಾಲದ ದಾನ ಶಾಸನಗಳ ರೂಢಿ ಮಾತು, ಸೂರ್ಯ ಚಂದ್ರ ಇರೋತನಕ ಇದು ನಡೀಲಿ ಅಂತ. ನಮ್ಮ ಆ್ಯಪಿನ ಷರತ್ತಿನ ರೂಢಿ ಮಾತು, ಯಾವುದೇ ಸಮಯದಲ್ಲಿ, ಮುನ್ಸೂಚನೆ ಇಲ್ಲದೆ.

8/10

"ನಮಗೇನಾತು, ಇರೋ ತನಕ ನೋಡತೀವಿ" ಅಂತೀರಿ. ನಿಮಗ ಏನೂ ಆಗದಿದ್ರೂ ಕನ್ನಡ ಸಿನಿಮಾ ತೆಗೆಯೋರಿಗೆ ಆಗೈತಿ.

ಎಕನಾಮಿಕ್ಸ್‌ನಾಗ ಮೊನಾಪ್ಸನಿ ಅಂತ ಓದಿದ್ದಿವಿ. ಮಾರೋರು ಭಾಳ, ಕೊಳ್ಳಾಂವ ಒಬ್ಬ. ಆಗ ಬೆಲೆ ಕಟ್ಟಾಂವ ಕೊಳ್ಳಾಂವ. ಕಬ್ಬು ಬೆಳೆದೋರ ಮನಿಯವರಿಗೆ ಇದನ್ನ ಬಿಡಿಸಿ ಹೇಳೋದು ಬ್ಯಾಡ. ಥಿಯೇಟರ್ ಮುಗಿದ ಮ್ಯಾಲೆ ಒಂದು ಕನ್ನಡ ಸಿನಿಮಾಕ್ಕೆ ಈಗ ಇರೋ ಗಿರಾಕಿ ಯಾರು? ಟಿವಿ, ಮತ್ತೆ ಬೆರಳೆಣಿಕೆಯ ಓಟಿಟಿ. ಅವರು ಬ್ಯಾಡ ಅಂದ್ರ ಬಾಗಲಾ ಮುಚ್ಚಿತು. ರಕ್ಷಿತ್ ಶೆಟ್ಟಿಯಂಥ ಹೆಸರಿದ್ದವರ ಸಂಸ್ಥೆಯ ‘ಏಕಂ’ ಸರಣಿಗೇ ಓಟಿಟಿ ಸಿಗದೆ, 2024ರ ಜುಲೈನಲ್ಲಿ ತಮ್ಮದೇ ಜಾಲತಾಣದಲ್ಲಿ ಬಿಟ್ಟರು. ಹೆಸರಿಲ್ಲದ ಹುಡುಗರು ಎಲ್ಲಿ ಹೋಗಬೇಕು?

ಡಿಸ್ಕ್ ಇದ್ದಾಗ ಮೂರನೇ ಬಾಗಿಲು ಇತ್ತು. ಸಣ್ಣ ಬಾಗಿಲು, ಖರೆ. ಆದ್ರ ಆ ಬಾಗಿಲ ಕಾವಲುಗಾರ ಮುಂಬೈಯೊಳಗ ಕುಂತಾಂವ ಅಲ್ಲ, ನಮ್ಮ ಕಾಕಾನಂಥಾಂವ. ಯಾವ ನಾಟಕದ ಡಿಸ್ಕ್ ಇಟ್ಟರೆ ಗುಡ್ಡಕ್ಕ ಬಂದೋರು ಒಯ್ತಾರ ಅಂತ ಅವಂಗ ಗೊತ್ತಿತ್ತು. ಚೌಡಿಕಿ ಪದದ ಡಿಸ್ಕನ್ನ ಯಾವ ಆ್ಯಪ್ ತಗೋತೈತಿ ಹೇಳ್ರಿ.

9/10

ಈಗ ನಿಮ್ಮ ಕಡೆಯಿಂದ ನಾನೇ ಮಾತಾಡ್ತೀನಿ, ಯಾಕಂದ್ರ ಡಿಸ್ಕಿನ ಮ್ಯಾಲೆ ಹೇಳಬಹುದಾದ ದೂರು ನನಗೂ ಗೊತ್ತದಾವ.

ಬ್ಲೂ-ರೇ ಏನು ಸಂತ ಅಲ್ಲ. ಅದರಾಗೂ ಬೀಗ ಐತಿ. ಜಗತ್ತನ್ನ ಎ, ಬಿ, ಸಿ ಅಂತ ಮೂರು ವಲಯ ಮಾಡ್ಯಾರ, ನಾವು ಸಿ. ಅಮೆರಿಕದ ಅಣ್ಣ ತಂದ ಡಿಸ್ಕ್ ಇಲ್ಲಿ ಓಡಲಿಕ್ಕಿಲ್ಲ. ಪ್ಲೇಯರ್ ಕೆಟ್ಟರೆ ರಿಪೇರಿ ಮಾಡೋರಿಲ್ಲ. ಪ್ಲಾಸ್ಟಿಕ್ ಬೇರೆ. ಮತ್ತೆ ಡಿಸ್ಕೂ ಸಾಯ್ತಾವ.

ಅದು ನನಗ ಹೆಂಗ ಗೊತ್ತಾತಂದ್ರ, ಆ ಹೊಲದ ಫೋಟೋ ಮತ್ತೊಮ್ಮೆ ನೋಡ್ರಿ, ಎಡಗಡೆಯಿಂದ ಮೂರನೇದು. ಅದರ ಮ್ಯಾಲೆ ಸ್ಕೆಚ್ ಪೆನ್ನಿನಾಗ ಬರದೈತಿ: ‘ಅತ್ತಿ ಲಗ್ನ 2007, ಡಿಸ್ಕ್ 2’. ಡಿಸ್ಕ್ 1 ಮತ್ತು 3 ಟ್ರಂಕಿನೊಳಗ ಅದಾವ. 1ರಾಗ ಮಂದಿ ಊಟ ಮಾಡ್ತಾರ, 3ರಾಗ ಹೆಣ್ಣ ಕಳಸ್ತಾರ. ಸುರಗಿ ಮುಂದ ನಮ್ಮ ಆಯಿ, ಅಂದ್ರ ಅಪ್ಪನ ಅವ್ವ, ಸೋಬಾನ ಹಾಡಿದ್ದು 2ರಾಗ. ಆಯಿ ತೀರಿ ಈಗ ಆರು ವರ್ಷ. ಅಕಿ ದನಿ ಮತ್ತೆಲ್ಲೂ ಇಲ್ಲ. ಆ ಡಿಸ್ಕನ್ನ ತೂತು ಕೊರೆದು ಹೊಲದಾಗ ಕಟ್ಟಿದಾಂವ ನಾನೇ. ಎರಡು ಹಂಗಾಮು ಅದು ಬಿಸಿಲು, ಮಂಜು, ಧೂಳಿನಾಗ ತೂಗಾಡೈತಿ. ಹೆಸರು ಓದದೇ ಕಟ್ಟಿದ್ದೆ.

ಸ್ಟೋರಿಗೆ ಹಾಕಿದ ಫೋಟೋ ಝೂಮ್ ಮಾಡಿದಾಗ ಕಂಡಿತು. ಅದಕ್ಕ ಆ ರಾತ್ರಿ ಸಿಟ್ಟು ಬಂದದ್ದು. ಗೆಳೆಯನ ಮ್ಯಾಲಲ್ಲ.

ಬಿಚ್ಚಿ ತಂದು, ಒರೆಸಿ, ಕಾಲೇಜಿನ ಸೀನಿಯರ್ ಒಬ್ಬರ ಹತ್ರ ಯುಎಸ್‌ಬಿ ಡ್ರೈವ್ ಇಸ್ಕೊಂಡು ಹಾಕಿದೆ. 11ನೇ ನಿಮಿಷದ ತನಕ ಓಡಿತು. ಆಯಿ ಮಣಿ ಮ್ಯಾಲೆ ಕುಂತಾಳ, ದನಿ ತಗೀತಾಳ, ಮೊದಲ ಎರಡು ಸಾಲು. ಆಮೇಲೆ ಚೌಕ ಚೌಕ ಒಡೆದು ನಿಂತಿತು. ಐದು ಸಲ ಹಾಕಿದೆ, ಐದೂ ಸಲ ಅಲ್ಲೇ.

ಹಂಗಾಗಿ ತಿಳ್ಕೊಳ್ರಿ. ಲಗ್ನದ ಡಿಸ್ಕ್ ಮನಿಯಾಗ ಬರೆದ ಡಿಸ್ಕ್, ಅದರಲ್ಲಿ ಮಾಹಿತಿ ಕೂತಿರೋದು ಒಂದು ಬಣ್ಣದ ಪದರದಲ್ಲಿ, ಬಿಸಿಲಿಗೆ ಹಾಳಾಗುತ್ತೆ. ಕಾರ್ಖಾನೆಯಲ್ಲಿ ಅಚ್ಚೊತ್ತಿದ್ದು ಅದಕ್ಕಿಂತ ಗಟ್ಟಿ. ಇನ್ನೊಂದು, ಸಿಡಿಯಲ್ಲಿ ಮಾಹಿತಿ ಇರೋದು ಹೊಳೆಯೋ ಬದಿಗಲ್ಲ, ಹೆಸರು ಬರೆಯೋ ಬದಿಗೆ, ತೆಳು ಲೇಪದ ಕೆಳಗೆ. ಆ ಬದಿ ಕೆರೆದ್ರ ಮುಗೀತು. ನಾವು ಎಲ್ಲರೂ ಉಲ್ಟಾ ತಿಳಕೊಂಡು ಆ ಬದಿ ಕೆಳಗ ಮಾಡಿ ಇಡ್ತಿದ್ದಿವಿ.

ನನ್ನ ಜಗಳ ಪ್ಲಾಸ್ಟಿಕ್ಕಿನ ಪರವಾಗಿ ಅಲ್ಲ, ಕೈಯಾಗಿರೋ ಪ್ರತಿಯ ಪರವಾಗಿ. ಡಿಸ್ಕಾದ್ರೂ ಸರಿ, ಬೀಗ ಇಲ್ಲದ ಫೈಲ್ ಆದ್ರೂ ಸರಿ. 11 ನಿಮಿಷ ಉಳಿದದ್ದೂ ಅದು ನಮ್ಮ ಕೈಯಾಗಿತ್ತು ಅಂತ. ನಾನೇ ಹಾಳ ಮಾಡಿದೆ, ಅರ್ಧ ನಾನೇ ಉಳಿಸಿದೆ. ಯಾರ ಅನುಮತಿನೂ ಬೇಕಾಗಲಿಲ್ಲ.

10/10

ಮನಿ ಡಿಸ್ಕಿನ ಕಥಿ ಇದಾದ್ರ ನಾಡಿನದು ಏನು? ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಚಿತ್ರೀಕರಣ ಆಗಿದ್ದು ನಮ್ಮ ಬೆಳಗಾವಿ ಪಕ್ಕದ ಕೊಲ್ಹಾಪುರದ ಸ್ಟುಡಿಯೋದಲ್ಲಿ. ಇವತ್ತು ಅದರ ಒಂದು ಪ್ರತಿಯೂ ಇಲ್ಲ. ಎಲ್ಲರಿಗೂ ಸೇರಿ ಇದ್ದದ್ದು ಕೆಲವೇ ಪ್ರತಿ, ಅವು ಹೋದ ಕೂಡ್ಲೆ ಸಿನಿಮಾನೇ ಹೋತು. ಅದೇ ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ನೋಡಿ. ಮೂಲ ನೆಗೆಟಿವ್ ಉಳಿದಿತ್ತು, ಅದರಿಂದ 4ಕೆಯಲ್ಲಿ ಜೀವ ತುಂಬಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ವೆನಿಸ್ಸಿಗೆ ಮುಟ್ಟಿದ್ದು ಸವದತ್ತಿಗೆ ಯಾವಾಗ ಮುಟ್ಟೋದು?

2025–26ರ ರಾಜ್ಯ ಬಜೆಟ್ಟಿನಲ್ಲಿ ಕನ್ನಡ ಸಿನಿಮಾಗಳ ಭಂಡಾರಕ್ಕೆ 3 ಕೋಟಿ ಅಂದರು, ಸರಕಾರದ್ದೇ ಓಟಿಟಿ ಅಂತಲೂ ಅಂದರು. ಒಳ್ಳೇದು. ಆದ್ರ ಬೆಂಗಳೂರಿನ ಒಂದು ತಣ್ಣನೆ ಕೋಣೆಯಾಗಿಟ್ಟು ಬೀಗ ಹಾಕಿದ್ರ ಅದು ಮತ್ತೆ ಒಂದೇ ಪ್ರತಿ ಆತಲ್ಲ? ಪ್ರತಿ ಗ್ರಾಮ ಪಂಚಾಯತಿಗೂ ಗ್ರಂಥಾಲಯ ಐತಿ, ಅರಿವು ಕೇಂದ್ರ ಅಂತ ಬೋರ್ಡ್ ಐತಿ. ಹಕ್ಕುದಾರರಿಗೆ ರೊಕ್ಕ ಕೊಟ್ಟು ಅಲ್ಲಿಗೆ ಪ್ರತಿ ಕಳಸ್ರಿ. ಪುಸ್ತಕ ಒಯ್ದಂಗ ಒಯ್ದು, ನೋಡಿ, ವಾಪಸ್ ಕೊಡತೀವಿ. ಇನ್ನ ನಿರ್ಮಾಪಕರಿಗೆ ಒಂದು ಮಾತು: ನಿಮ್ಮ ಸಿನಿಮಾನ ಬೀಗ ಇಲ್ಲದ ಫೈಲ್ ಮಾಡಿ ನಮಗ ಮಾರ್ರಿ. 150 ರೂಪಾಯಿ ಅಂದ್ರೂ ಕೊಡ್ತೀನಿ. ಕದೀತಾರ ಅನ್ನೋ ಹೆದರಿಕಿ ಬ್ಯಾಡ, ಕದಿಯೋರ ಹತ್ರ ನಿಮ್ಮ ಸಿನಿಮಾ ಬಿಡುಗಡೆ ದಿನ ಸಂಜಿಕೇ ಇರ್ತೈತಿ. ಇಲ್ಲದಿರೋದು ರೊಕ್ಕ ಕೊಡಾಕ ತಯಾರಿರೋ ನಮ್ಮ ಹತ್ರ.

ಇನ್ನ ನೀವು. ಟ್ರಂಕು, ಅಟ್ಟ, ಟಿವಿ ಸ್ಟ್ಯಾಂಡಿನ ಕೆಳಗಿನ ಡಬ್ಬಿ ತೆಗೀರಿ. ಸಿನಿಮಾ ಡಿಸ್ಕ್ ಆಮೇಲೆ ನೋಡ್ರಿ, ಮೊದಲ ಲಗ್ನ, ಜಾತ್ರಿ, ದೊಡ್ಡಾಟ, ಶಾಲಿ ಗ್ಯಾದರಿಂಗ್ ಹುಡುಕ್ರಿ. ಹಂಗಾಮದಾಗ ಬರೆದವು ಈಗ ಹದಿನೈದು, ಇಪ್ಪತ್ತು ವರ್ಷ ಹಳೇವು ಆಗ್ಯಾವ. ಇನ್ನೊಂದೆರಡು ವರ್ಷ ಬಿಟ್ಟು ತೆಗದ್ರ ಓಡ್ತಾವೋ ಇಲ್ಲೋ.

ಡ್ರೈವ್ ಇನ್ನೂ ನನ್ನ ಹತ್ರ ಐತಿ, ಸೀನಿಯರ್ ತಿಂಗಳ ಕೊನೀತನಕ ಇಟ್ಕೋ ಅಂದಾರ. ಬರೋ ಭಾನುವಾರ ಮುಂಜಾನೆ ಹತ್ತರಿಂದ ನಮ್ಮ ಮನಿ ಕಟ್ಟಿ ಮ್ಯಾಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಂದರತೀನಿ. ನಿಮ್ಮ ಪೆನ್‌ಡ್ರೈವ್ ನೀವೇ ತರ್ರಿ. ಡಿಸ್ಕನ್ನ ಅಂಚಿಗೆ ಹಿಡೀರಿ, ಅಂಗಿಲೆ ಒರಸಬ್ಯಾಡ್ರಿ. ರೊಕ್ಕ ಬ್ಯಾಡ, ಚಾ ಕುಡಸ್ರಿ ಸಾಕು.

ಹೊಲದಾಗಿನ ಡಿಸ್ಕ್ ಎಲ್ಲಾ ನಿನ್ನೆ ಸಂಜಿಕ ಬಿಚ್ಚಿದೆ. 14 ಇದ್ವು, ಹೆಸರು ಓದಿ ಎಣಿಸಿಟ್ಟೀನಿ. ಹಕ್ಕಿ ಕಾಯಾಕ ಅವ್ವನ ಹಳೇ ಸೀರಿ ಹರಿದು ಕಟ್ಟೀವಿ. ಕೊನೇ ಫೋಟೋದಾಗ ಐತಿ ನೋಡ್ರಿ, ಹಸಿರು ಬಣ್ಣದ್ದು.

#ಹೂಲಿ #ಸವದತ್ತಿ #ಹಳೇಡಿಸ್ಕ್ #ಕನ್ನಡಸಿನಿಮಾ #ಬಿಕಾಂಹುಡುಗರು